ಅಳತೆ ಯಾರದೋ ಲಾಭ ಅವರದು: ಹಳೆಯ ರೇಸ್ ಕಾರುಗಳ ಮಾದರಿ ಕಿಟ್ ಉದ್ಯಮ

ಆಟಿಕೆ ಉದ್ಯಮದ ಕುರಿತು ಕಳೆದ ಕೆಲವು ವರ್ಷಗಳಿಂದ ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಕೇಂದ್ರ ಸರ್ಕಾರವು 2020ರ ಮುಂಗಡಪತ್ರದಲ್ಲಿ ಆಟಿಕೆಗಳ ಮೇಲಿನ ಮೂಲ ಆಮದು ಸುಂಕವನ್ನು ಶೇ. 20ರಿಂದ ಶೇ. 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿಸಿತು. 2021ರ ಜನವರಿ 1ರಿಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಜಾರಿಗೆ ಬಂದು ಐಎಸ್‌ಐ ಗುರುತು ಕಡ್ಡಾಯವಾಯಿತು. ಅದೇ ತಿಂಗಳು ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್‌ಗೆ ಶಂಕುಸ್ಥಾಪನೆಯಾಯಿತು. ಚನ್ನಪಟ್ಟಣದ ಬಣ್ಣದ ಗೊಂಬೆಗಳ ಭವಿಷ್ಯದ ಬಗೆಗೂ ಹಲವು ವೇದಿಕೆಗಳಲ್ಲಿ ಮಾತು ಕೇಳಿಬಂದಿದೆ. ಇವೆಲ್ಲದರ ನಡುವೆ ಒಂದು ಶಾಖೆ ಮಾತ್ರ ಯಾರ ಗಮನಕ್ಕೂ ಬಂದಂತೆ ಕಾಣುವುದಿಲ್ಲ. ಅದು ವಯಸ್ಕ ಹವ್ಯಾಸಿಗಳಿಗಾಗಿ ತಯಾರಾಗುವ ಪ್ರಮಾಣಬದ್ಧ ಮಾದರಿ ಕಿಟ್‌ಗಳ ಶಾಖೆ. ಅದರಲ್ಲಿಯೂ ವಿಶೇಷವಾಗಿ ಹಳೆಯ ರೇಸ್ ಕಾರುಗಳ ಕಿಟ್‌ಗಳು.

ಈ ವ್ಯಾಪಾರದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಕಿಟ್ ಎಂದರೆ ಸಿದ್ಧವಾದ ಆಟದ ಕಾರಲ್ಲ. ಪೆಟ್ಟಿಗೆಯೊಳಗೆ ನೂರಾರು ಬಿಡಿಭಾಗಗಳು, ಜೋಡಣೆಯ ಕೈಪಿಡಿ, ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಚೀಟಿಗಳು ಇರುತ್ತವೆ. ಕೊಂಡವನು ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕುಳಿತು ಅದನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ಕಾರನ್ನು ನಿಲ್ಲಿಸುತ್ತಾನೆ. ನಿಜವಾದ ಕಾರಿನ 12, 20, 24 ಅಥವಾ 43ನೇ ಒಂದು ಭಾಗದ ಗಾತ್ರದಲ್ಲಿ ಇವು ಪ್ರಚಲಿತವಾಗಿವೆ. 43 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಆಟಿಕೆ ರೈಲುಗಳಿಂದ: ಒಂದು ಅಡಿಗೆ 7 ಮಿಲಿಮೀಟರ್ ಎಂಬ ಹಳೆಯ ರೈಲು ಪ್ರಮಾಣವೇ ಅದು. ಇಂಥ ಕಿಟ್‌ಗಳಲ್ಲಿ ಅಗ್ಗದವು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತವೆ. ಜಪಾನಿನ ಮಾಡೆಲ್ ಫ್ಯಾಕ್ಟರಿ ಹಿರೋದಂತಹ ಸಂಸ್ಥೆಯ ದೊಡ್ಡ ಪ್ರಮಾಣದ ಕಿಟ್ ಹತ್ತಾರು ಸಾವಿರ ರೂಪಾಯಿಗೆ ಹೋಗುತ್ತದೆ. ಒಂದು ಪೆಟ್ಟಿಗೆ ಬಿಡಿಭಾಗಗಳಿಗೆ ಇಷ್ಟು ಹಣ ಕೊಡುವವರಿದ್ದಾರೆಯೇ ಎಂದು ಕೇಳಬಹುದು. ಇದ್ದಾರೆ. ಆ ಹಣವನ್ನು ಅವರು ಪ್ಲಾಸ್ಟಿಕ್ಕಿಗಾಗಲಿ ಲೋಹಕ್ಕಾಗಲಿ ಕೊಡುತ್ತಿಲ್ಲ, ಅಳತೆಗೆ ಕೊಡುತ್ತಿದ್ದಾರೆ.

ನನ್ನ ವಾದವೂ ಇಷ್ಟೇ. ಈ ಉದ್ಯಮದಲ್ಲಿ ಕಾರನ್ನು ಅಳೆದು ನಕ್ಷೆ ಬರೆದವನಿಗೆ ಲಾಭ ಸಲ್ಲುತ್ತದೆ, ಅಚ್ಚೊತ್ತಿದವನಿಗೆ ಕೂಲಿ ಸಲ್ಲುತ್ತದೆ. ನಾವು ಈವರೆಗೆ ಎರಡನೆಯ ಸಾಲಿನಲ್ಲಿ ನಿಂತಿದ್ದೇವೆ.

ಇದು ಊಹೆಯ ಮಾತಲ್ಲ. ಬ್ರಿಟನ್ನಿನ ಪ್ರಸಿದ್ಧ ಏರ್‌ಫಿಕ್ಸ್ ಕಿಟ್‌ಗಳ ಪೆಟ್ಟಿಗೆಯನ್ನು ಮಗುಚಿ ನೋಡಿದವರಿಗೆ ಗೊತ್ತಿರುತ್ತದೆ, 2010ರ ದಶಕದಲ್ಲಿ ಬಂದ ಹಲವು ಪೆಟ್ಟಿಗೆಗಳ ಮೇಲೆ 'ಭಾರತದಲ್ಲಿ ತಯಾರಾದದ್ದು' ಎಂಬ ಮುದ್ರೆಯಿದೆ. ಅಂದರೆ ಸೂಕ್ಷ್ಮ ಅಚ್ಚಿನಿಂದ ಶುದ್ಧವಾದ ಭಾಗಗಳನ್ನು ತೆಗೆದು, ಎಣಿಸಿ, ಪೆಟ್ಟಿಗೆಗೆ ತುಂಬುವ ಶಿಸ್ತು ನಮ್ಮ ದೇಶದ ಕಾರ್ಮಿಕರಿಗೆ ಬಾರದ ವಿದ್ಯೆಯೇನಲ್ಲ. ಆದರೆ ಹೆಸರು, ನಕ್ಷೆ, ಸಂಶೋಧನೆ, ಪೆಟ್ಟಿಗೆಯ ಮೇಲಿನ ಚಿತ್ರ, ಬೆಲೆ ನಿಗದಿಯ ಅಧಿಕಾರ ಎಲ್ಲವೂ ಇಂಗ್ಲೆಂಡಿನಲ್ಲಿಯೇ ಉಳಿದವು. ಮುಂದೆ ಆ ಸಂಸ್ಥೆ ಕೆಲವು ಕಿಟ್‌ಗಳ ತಯಾರಿಕೆಯನ್ನು ಬ್ರಿಟನ್ನಿಗೇ ಮರಳಿ ಒಯ್ದಾಗ ಅದನ್ನು ತಡೆಯುವ ಯಾವ ಹಿಡಿತವೂ ಇಲ್ಲಿಯವರ ಕೈಯಲ್ಲಿ ಇರಲಿಲ್ಲ.

ಅಳತೆ ಎಂದರೇನು

ಮೇಲ್ನೋಟಕ್ಕೆ ಇದು ಸುಲಭದ ಲೆಕ್ಕ. ನಿಜವಾದ ಕಾರನ್ನು ಅಳೆದು 24ರಿಂದ ಭಾಗಿಸಿದರಾಯಿತು. ಅಚ್ಚಿನ ಕೆಲಸ ಬಲ್ಲವರಿಗೆ ಮಾತ್ರ ಇದರ ಕಷ್ಟ ಗೊತ್ತು. 1967ರ ಲೋಟಸ್ 49 ಕಾರನ್ನೇ ತೆಗೆದುಕೊಳ್ಳಿ. ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ 2413 ಮಿ.ಮೀ. 12ನೇ ಒಂದರ ಪ್ರಮಾಣದಲ್ಲಿ ಅದು 201 ಮಿ.ಮೀ. ಆಗುತ್ತದೆ. ಪಾಲಿಸ್ಟೈರೀನ್ ಅಚ್ಚಿನಲ್ಲಿ ತಣಿಯುವಾಗ ಸುಮಾರು ಶೇ. ಅರ್ಧದಷ್ಟು ಕುಗ್ಗುತ್ತದೆಂದು ಇಟ್ಟುಕೊಳ್ಳೋಣ. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯದಿದ್ದರೆ ಮಾದರಿ 1 ಮಿ.ಮೀ. ಗಿಡ್ಡವಾಗುತ್ತದೆ, ಅಂದರೆ ನಿಜವಾದ ಕಾರಿನ ಲೆಕ್ಕದಲ್ಲಿ 12 ಮಿ.ಮೀ. ಅದೇ ಒಂದು ಮಿಲಿಮೀಟರ್ 43ನೇ ಒಂದರ ಪ್ರಮಾಣದಲ್ಲಿ ತಪ್ಪಿದರೆ ನಾಲ್ಕು ಸೆಂಟಿಮೀಟರಿಗೂ ಮೀರಿದ ದೋಷ. ನಾಲ್ಕು ಸೆಂಟಿಮೀಟರ್ ಮೂಗು ಉದ್ದವಾದ ಕಾರನ್ನು ಆ ಕಾರಿನ ಅಭಿಮಾನಿ ಮಾರು ದೂರದಿಂದಲೇ ಗುರುತಿಸುತ್ತಾನೆ.

ಇನ್ನು ಕೆಲವು ಕಡೆ ಪ್ರಾಮಾಣಿಕವಾಗಿ ಭಾಗಿಸಿದರೂ ಪ್ರಯೋಜನವಿಲ್ಲ. 1950ರ ದಶಕದ ಮಸೆರಾಟಿ 250 ಎಫ್‌ನಂತಹ ಕಾರುಗಳಿಗೆ ತಂತಿ ಕಡ್ಡಿಗಳ ಚಕ್ರಗಳಿದ್ದವು. 4 ಮಿ.ಮೀ. ದಪ್ಪದ ಕಡ್ಡಿ 24ನೇ ಒಂದರ ಪ್ರಮಾಣದಲ್ಲಿ 0.17 ಮಿ.ಮೀ. ಆಗುತ್ತದೆ. ಅಷ್ಟು ಸಣ್ಣ ಸಂದಿಗೆ ಕರಗಿದ ಪ್ಲಾಸ್ಟಿಕ್ ಸರಿಯಾಗಿ ಹರಿಯುವುದಿಲ್ಲ, ಹರಿದರೂ ಅಚ್ಚಿನಿಂದ ಬಿಡಿಸುವಾಗ ಮುರಿಯುತ್ತದೆ. ಮೈಯ ತಗಡೂ ಹಾಗೆಯೇ. 1.2 ಮಿ.ಮೀ. ಅಲ್ಯೂಮಿನಿಯಂ ತಗಡು ಮಾದರಿಯಲ್ಲಿ 0.05 ಮಿ.ಮೀ. ಇರಬೇಕು, ಆದರೆ ಪ್ಲಾಸ್ಟಿಕ್ ಗೋಡೆ 1 ಮಿ.ಮೀ. ಇದ್ದರೆ ಅದು ಯುದ್ಧದ ಟ್ಯಾಂಕಿನ ಕವಚದಂತೆ 24 ಮಿ.ಮೀ. ದಪ್ಪದ ಕಾರಾಗುತ್ತದೆ. ಹೀಗಾಗಿ ಅಂಚುಗಳನ್ನು ಮಾತ್ರ ಒಳಗಿನಿಂದ ತೆಳುವಾಗಿಸಿ ಕಣ್ಣಿಗೆ ತಗಡಿನ ಭ್ರಮೆ ಹುಟ್ಟಿಸಬೇಕು. ಚಕ್ರದ ಕಡ್ಡಿಗಳನ್ನು ಲೋಹದ ಹಾಳೆಯಲ್ಲಿ ಆಮ್ಲದಿಂದ ಕೊರೆದು ತೆಗೆಯಬೇಕು. ಇಟಲಿಯ ಪೋಕರ್ ಸಂಸ್ಥೆ ಇದಕ್ಕೆ ಬೇರೆಯದೇ ದಾರಿ ಹಿಡಿಯಿತು. 8ನೇ ಒಂದರಷ್ಟು ದೊಡ್ಡ ಪ್ರಮಾಣವನ್ನು ಆರಿಸಿಕೊಂಡು, ಚಕ್ರದ ಪ್ರತಿಯೊಂದು ಕಡ್ಡಿಯನ್ನೂ ಕೊಂಡವನೇ ಹೆಣೆಯುವಂತೆ ಮಾಡಿತು. ಅದರ 1931ರ ಆಲ್ಫಾ ರೋಮಿಯೋ ಮೋನ್ಜಾ ಕಿಟ್‌ನಲ್ಲಿ ಲೆಕ್ಕವಿಲ್ಲದಷ್ಟು ಭಾಗಗಳಿದ್ದವು. ಅದನ್ನು ಮುಗಿಸಿದವರಿಗಿಂತ ಕೊಂಡು ಅಟ್ಟದ ಮೇಲಿಟ್ಟವರೇ ಹೆಚ್ಚೆಂದು ಹವ್ಯಾಸಿಗಳು ನಗೆಯಾಡುವುದುಂಟು.

ಗಾತ್ರದ ಅಳತೆಗಿಂತ ಕಷ್ಟವಾದದ್ದು ದಿನಾಂಕದ ಅಳತೆ. ರೇಸ್ ಕಾರು ಎಂಬುದು ಒಂದೇ ವಸ್ತುವಲ್ಲ. ಒಂದು ಪಂದ್ಯದಿಂದ ಇನ್ನೊಂದಕ್ಕೆ ಅದರ ರೂಪ ಬದಲಾಗುತ್ತದೆ. ಲೋಟಸ್ 49 ಕಾರು 1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೋರ್ಟ್‌ನಲ್ಲಿ ಮೊದಲ ಬಾರಿಗೆ ಇಳಿದು ಜಿಮ್ ಕ್ಲಾರ್ಕ್ ಕೈಯಲ್ಲಿ ಗೆದ್ದಾಗ ಅದು ಹಳದಿ ಪಟ್ಟಿಯ ಹಸಿರು ಕಾರು. ಮರುವರ್ಷ ಅದೇ ಕಾರು ಸಿಗರೇಟು ಸಂಸ್ಥೆಯ ಪ್ರಾಯೋಜಕತ್ವದಿಂದ ಕೆಂಪು, ಬಿಳಿ, ಚಿನ್ನದ ಬಣ್ಣ ತೊಟ್ಟಿತು. ಆ ವರ್ಷವೇ ರೆಕ್ಕೆಗಳೂ ಬಂದವು. 1967ರ ಹಸಿರು ಬಳಿದು 1968ರ ರೆಕ್ಕೆ ಅಂಟಿಸಿದ ಮಾದರಿಯನ್ನು ಬಲ್ಲವರು ಕೈಯಲ್ಲೂ ಮುಟ್ಟುವುದಿಲ್ಲ. ವಸ್ತುಸಂಗ್ರಹಾಲಯದಲ್ಲಿ ನಿಂತ ಕಾರನ್ನು ಅಳೆದುಬಿಟ್ಟರೆ ಸಾಕೆಂದೂ ಇಲ್ಲ. ಅದು ಹತ್ತಾರು ವರ್ಷಗಳಲ್ಲಿ ಹಲವು ಬಾರಿ ದುರಸ್ತಿಯಾಗಿ, ಬಣ್ಣ ಬದಲಾಗಿ, ಭಾಗಗಳು ಅದಲುಬದಲಾಗಿ ನಿಂತಿರುತ್ತದೆ. ಜರ್ಮನಿಯ ಆಟೋ ಯೂನಿಯನ್ ರೇಸ್ ಕಾರುಗಳಂತೂ 1945ರ ನಂತರ ಜ್ವಿಕಾವಿನಿಂದ ಸೋವಿಯತ್ ಸೇನೆಯ ವಶವಾಗಿ ಬಹುಪಾಲು ಕಾಣೆಯಾದವು. ಅವುಗಳ ಮಾದರಿ ಮಾಡುವವರು ಹಳೆಯ ಛಾಯಾಚಿತ್ರಗಳನ್ನೇ ಹೆಚ್ಚಾಗಿ ನಂಬಬೇಕಾಯಿತು. ಕಪ್ಪುಬಿಳುಪು ಚಿತ್ರವೂ ಮೋಸ ಮಾಡುತ್ತದೆ. ಆ ಕಾಲದ ಕೆಲವು ಫಿಲ್ಮುಗಳು ಕೆಂಪು ಬಣ್ಣವನ್ನು ಬಹುತೇಕ ಕಪ್ಪಾಗಿಯೇ ತೋರಿಸುತ್ತಿದ್ದವು. ಇಂಗ್ಲಿಷರ ರೇಸಿಂಗ್ ಹಸಿರಿಗೆ ಒಂದೇ ನಿಶ್ಚಿತ ಛಾಯೆ ಎಂಬುದು ಎಂದೂ ಇರಲಿಲ್ಲ. ಹೀಗೆ ಒಂದು ಕಿಟ್‌ನ ಹಿಂದೆ ಕಡತ, ಚಿತ್ರ, ಪತ್ರವ್ಯವಹಾರಗಳ ಒಂದು ಸಣ್ಣ ದಾಖಲೆಗೃಹವೇ ಇರುತ್ತದೆ. ಅಚ್ಚನ್ನು ನಕಲು ಮಾಡುವವನು ಈ ದಾಖಲೆಗೃಹವನ್ನು ನಕಲು ಮಾಡಲಾರ.

ಮರದಿಂದ ಮೊದಲಾದವರು

ಜಪಾನಿನ ಶಿಜುವೋಕಾ ಪ್ರಾಂತ್ಯವನ್ನು ಈ ಉದ್ಯಮದ ರಾಜಧಾನಿ ಎಂದರೆ ತಪ್ಪಾಗದು. ತಮಿಯಾ, ಹಸೆಗಾವಾ, ಅವೋಶಿಮಾ, ಫುಜಿಮಿ ಈ ನಾಲ್ಕೂ ಸಂಸ್ಥೆಗಳು ಅಲ್ಲಿಯವೇ. ಆ ಸೀಮೆ ಮರಗೆಲಸಕ್ಕೆ ಹೆಸರಾಗಿತ್ತು. ಯೋಶಿಯೋ ತಮಿಯಾ 1946ರಲ್ಲಿ ಆರಂಭಿಸಿದ್ದು ಮರದ ವ್ಯಾಪಾರ. ಅದರಿಂದ ಮರದ ಮಾದರಿಗಳ ತಯಾರಿಕೆ ಟಿಸಿಲೊಡೆಯಿತು. ಪಾಶ್ಚಾತ್ಯ ಪ್ಲಾಸ್ಟಿಕ್ ಕಿಟ್‌ಗಳು ಬಂದು ಮರದ ಮಾರುಕಟ್ಟೆ ಕುಸಿದಾಗ, 1960ರಲ್ಲಿ ಅವರ ಮೊದಲ ಪ್ಲಾಸ್ಟಿಕ್ ಕಿಟ್ ಯಮಾಟೋ ಯುದ್ಧನೌಕೆ ಹೊರಬಂದಿತು. ಪ್ರತಿಸ್ಪರ್ಧಿಯೊಬ್ಬರು ಅದೇ ನೌಕೆಯನ್ನು ಕಡಿಮೆ ಬೆಲೆಗೆ ಮಾರಿದರು. ಅಚ್ಚಿಗೆ ಹಾಕಿದ ಹಣ ಮುಳುಗಿತು. ಬೆಲೆಯ ಪೈಪೋಟಿಯಲ್ಲಿ ಸೋತವರು ಮುಂದೆ ನಿಖರತೆಯ ಪೈಪೋಟಿಗೆ ತಿರುಗಿದ್ದು ಗಮನಾರ್ಹ. ಆದರೂ ಆ ಕಾಲದ ಮಾದರಿಗಳಿಗೆ ಮೋಟಾರು ಕೂಡಿಸುವ ಹುಚ್ಚಿದ್ದುದರಿಂದ ಅಳತೆ ಪೂರ್ತಿ ಶುದ್ಧವಾಗಲಿಲ್ಲ. ಟ್ಯಾಂಕ್ ಮಾದರಿಗಳಲ್ಲಿ ಇಂದು ಜಗತ್ತೇ ಒಪ್ಪಿರುವ 35ನೇ ಒಂದರ ಪ್ರಮಾಣ ಹುಟ್ಟಿದ್ದು ಅವರ ಪ್ಯಾಂಥರ್ ಟ್ಯಾಂಕಿನೊಳಗೆ ಬ್ಯಾಟರಿ ಹಿಡಿಸಬೇಕೆಂಬ ಕಾರಣಕ್ಕೆ.

ತಮಿಯಾ ರೇಸ್ ಕಾರುಗಳಿಗೆ ಬಂದದ್ದು 1967ರಲ್ಲಿ, ಹೋಂಡಾ ಸಂಸ್ಥೆಯ ಆರ್‌ಎ 273 ಫಾರ್ಮುಲಾ ಒನ್ ಕಾರಿನ 12ನೇ ಒಂದರ ಕಿಟ್‌ನೊಂದಿಗೆ. ಅನಂತರ ಸಂಸ್ಥಾಪಕರ ಮಗ ಶುನ್‌ಸಾಕು ತಮಿಯಾ ಮಾಡಿದ ಒಂದು ಕೆಲಸವನ್ನು ನಮ್ಮ ಸಣ್ಣ ಉದ್ಯಮಿಗಳು ಗಮನಿಸಬೇಕು. 1976ರಲ್ಲಿ ಹೊರಬಂದ ಪೋರ್ಶೆ 934 ರೇಸ್ ಕಾರಿನ ಕಿಟ್ ಸಿದ್ಧಪಡಿಸುವಾಗ ಅವರು ಒಂದು ಪೋರ್ಶೆ 911 ಕಾರನ್ನೇ ಕೊಂಡು ತಂದು, ತಿರುಪು ತಿರುಪಾಗಿ ಬಿಚ್ಚಿಸಿ ಅಳೆಯಿಸಿದರು. ಆ ಖರ್ಚನ್ನು ಒಂದೇ ಕಿಟ್‌ನಿಂದ ಹಿಂಪಡೆಯಲಾಗದೆಂದು ಕಂಡಾಗ ಅದೇ ಕಾರಿನ ರೂಪವನ್ನು ರೇಡಿಯೋ ನಿಯಂತ್ರಿತ ಕಾರಿಗೂ ಬಳಸಿದರು. ತಮಿಯಾದ ಬೃಹತ್ ರೇಡಿಯೋ ಕಾರು ವ್ಯಾಪಾರ ಆರಂಭವಾದದ್ದು ಅಲ್ಲಿಂದಲೇ. ಒಮ್ಮೆ ಅಳೆದ ಅಳತೆ ಎರಡು ಬಾರಿ ಮಾರಾಟವಾಯಿತು. ಶುನ್‌ಸಾಕು ತಮಿಯಾ 2025ರ ಜುಲೈನಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ನಿಧನರಾದಾಗ ಜಗತ್ತಿನ ಹವ್ಯಾಸಿಗಳು ಮನೆಯ ಹಿರಿಯರೊಬ್ಬರನ್ನು ಕಳೆದುಕೊಂಡಂತೆ ದುಃಖಿಸಿದರು. ನಮ್ಮಲ್ಲಿ ಎಷ್ಟು ಉತ್ಪಾದಕರಿಗೆ ಅಂಥ ಗ್ರಾಹಕರಿದ್ದಾರೆ?

ಇಟಲಿಯ ದಾರಿ ಇದಕ್ಕಿಂತ ಚಿಕ್ಕದು, ನಮಗೆ ಹೆಚ್ಚು ಹತ್ತಿರದ್ದು. ತಾರ್ಕ್ವಿನಿಯೋ ಪ್ರೊವಿನಿ ಎಂಬ ಮೋಟಾರ್‌ಸೈಕಲ್ ಸವಾರ 1957 ಮತ್ತು 1958ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. 1966ರಲ್ಲಿ ಐಲ್ ಆಫ್ ಮ್ಯಾನ್ ಪಂದ್ಯದಲ್ಲಿ ಬಿದ್ದು ಗಂಭೀರವಾಗಿ ಗಾಯಗೊಂಡ ನಂತರ ಓಟ ಬಿಟ್ಟು ಪ್ರೊಟಾರ್ ಎಂಬ ಹೆಸರಿನಲ್ಲಿ ಮಾದರಿ ಕಿಟ್‌ಗಳನ್ನು ತಯಾರಿಸತೊಡಗಿದರು. ಯಂತ್ರವನ್ನು ಓಡಿಸಿ ಬಲ್ಲವನೇ ಅದರ ಮಾದರಿ ಮಾಡಿದ. ಮುಂದೆ ಆ ಅಚ್ಚುಗಳು ಇಟಾಲೇರಿ ಸಂಸ್ಥೆಯ ಕೈಸೇರಿ ಮತ್ತೆ ಮತ್ತೆ ಹೊಸ ಪೆಟ್ಟಿಗೆಗಳಲ್ಲಿ ಮಾರುಕಟ್ಟೆಗೆ ಬಂದಿವೆ. ತಮಿಯೋ ಎಂಬ ಇನ್ನೊಂದು ಇಟಲಿಯ ಸಂಸ್ಥೆ (ಜಪಾನಿನ ತಮಿಯಾಕ್ಕೂ ಇದಕ್ಕೂ ಸಂಬಂಧವಿಲ್ಲ) 43ನೇ ಒಂದರ ಫಾರ್ಮುಲಾ ಒನ್ ಕಾರುಗಳ ಬಿಳಿಲೋಹದ ಕಿಟ್‌ಗಳನ್ನೇ ನೆಚ್ಚಿ ಬೆಳೆಯಿತು. ಗುರುತುಚೀಟಿಗಳನ್ನು ಮುದ್ರಿಸುವ ಕಾರ್ಟೋಗ್ರಾಫ್ ಎಂಬ ಇಟಲಿಯ ಮುದ್ರಣಾಲಯ ಹಲವು ದೇಶಗಳ ಕಿಟ್ ತಯಾರಕರಿಗೆ ಚೀಟಿ ಒದಗಿಸುತ್ತದೆ. ಅದರ ಹೆಸರನ್ನು ತಯಾರಕರು ಜಾಹೀರಾತಿನಲ್ಲಿಯೇ ಹಾಕಿಕೊಳ್ಳುತ್ತಾರೆ. ಮುದ್ರಕನ ಹೆಸರು ಸರಕಿನ ಬೆಲೆ ಏರಿಸುವ ವ್ಯಾಪಾರ ನಮ್ಮ ಮುದ್ರಣೋದ್ಯಮಿಗಳಿಗೆ ಆಶ್ಚರ್ಯ ತಂದೀತು.

ಸಣ್ಣ ಕಾರ್ಖಾನೆಗೆ ಸಾಧ್ಯವಾದದ್ದು

ಉಕ್ಕಿನ ಅಚ್ಚು ಕಡೆಸಿ ಇಂಜೆಕ್ಷನ್ ಯಂತ್ರದಲ್ಲಿ ಕಿಟ್ ತೆಗೆಯುವುದು ಸಾವಿರಾರು ಪೆಟ್ಟಿಗೆ ಮಾರುವ ಧೈರ್ಯವಿದ್ದವರ ಕೆಲಸ. ಆ ದಾರಿಯನ್ನು ನಾನು ಯಾರಿಗೂ ಮೊದಲೇ ಸೂಚಿಸಲಾರೆ. ಆದರೆ ಕೆಲವು ನೂರು ಕಿಟ್‌ಗಳನ್ನು ಮಾತ್ರ ತಯಾರಿಸಿ ಒಳ್ಳೆಯ ಬೆಲೆಗೆ ಮಾರುವ ಇನ್ನೊಂದು ಪದ್ಧತಿಯಿದೆ. ಅದಕ್ಕೆ ಬೇಕಾದ ಕಸುಬುಗಳೆಲ್ಲ ನಮ್ಮ ಕೈಗಾರಿಕಾ ಬಡಾವಣೆಗಳಲ್ಲಿ ಈಗಾಗಲೇ ಇವೆ. ಮೊದಲ ಮಾದರಿಯಿಂದ ಸಿಲಿಕೋನ್ ರಬ್ಬರಿನ ಅಚ್ಚು ತೆಗೆದು ಅದರಲ್ಲಿ ರಾಳ ಎರೆಯಬಹುದು. ಒಂದು ಅಚ್ಚು ಕೆಲವು ಹತ್ತು ಪ್ರತಿಗಳ ನಂತರ ಹರಿಯುತ್ತದೆ, ಹೊಸದನ್ನು ಮಾಡಿಕೊಳ್ಳಬೇಕು. ತವರ ಪ್ರಧಾನವಾದ ಬಿಳಿಲೋಹವನ್ನು ತಿರುಗುವ ರಬ್ಬರ್ ಅಚ್ಚಿನಲ್ಲಿ ಸುರಿದು ಎಂಜಿನ್, ಆಕ್ಸಲ್ ಮುಂತಾದವನ್ನು ಎರಕ ಹೊಯ್ಯಬಹುದು. ಬಳೆ, ಪದಕ, ಗುಂಡಿಗಳನ್ನು ಎರೆಯುವ ವಿಧಾನವೇ ಇದು. ಚಕ್ರದ ಕಡ್ಡಿ, ಜಾಲರಿ, ಸೀಟಿನ ಕೊಂಡಿಗಳನ್ನು ಹಿತ್ತಾಳೆ ಹಾಳೆಯಲ್ಲಿ ಫೆರಿಕ್ ಕ್ಲೋರೈಡಿನಿಂದ ಕೊರೆಯಬೇಕು; ಬೆಂಗಳೂರಿನಲ್ಲಿ ವಿದ್ಯುನ್ಮಂಡಲದ ಹಲಗೆಗಳನ್ನು ತಯಾರಿಸುವ ಪ್ರತಿಯೊಂದು ಘಟಕಕ್ಕೂ ಈ ವಿದ್ಯೆ ಗೊತ್ತು. ಟೈರಿಗೆ ರಬ್ಬರ್ ಕೆಲಸದವರು, ಗುರುತುಚೀಟಿಗೆ ಸ್ಕ್ರೀನ್ ಮುದ್ರಣದವರು, ಸಣ್ಣ ತಿರುಪುಗಳಿಗೆ ಗಡಿಯಾರದ ಲೇತ್ ಬಲ್ಲವರು. ಇವರನ್ನು ಒಂದು ಪೆಟ್ಟಿಗೆಯಲ್ಲಿ ಸೇರಿಸುವವನು ಬೇಕಾಗಿದ್ದಾನೆ ಅಷ್ಟೆ.

ಇತ್ತೀಚಿನ ವರ್ಷಗಳಲ್ಲಿ ಮೂರು ಆಯಾಮದ ಸ್ಕ್ಯಾನರುಗಳೂ ರಾಳದ ಮುದ್ರಣ ಯಂತ್ರಗಳೂ ಅಗ್ಗವಾಗಿವೆ. ಮೊದಲ ಮಾದರಿಯನ್ನು ಕೈಯಲ್ಲಿ ಕೆತ್ತಬೇಕಾದ ಅಗತ್ಯ ಬಹುಮಟ್ಟಿಗೆ ತಪ್ಪಿದೆ. ಇದರಿಂದ ಅಳತೆಯ ಬೆಲೆ ಇಳಿಯಿತೆಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸ್ಕ್ಯಾನರ್ ಎದುರಿಗೆ ನಿಂತ ಕಾರನ್ನು ತೋರಿಸುತ್ತದೆಯೇ ಹೊರತು 1967ರ ಜೂನ್ 4ರ ಕಾರನ್ನು ತೋರಿಸುವುದಿಲ್ಲ. ಯಾವ ಭಾಗ ಮೂಲದ್ದು, ಯಾವುದು ಆಮೇಲೆ ಸೇರಿದ್ದು ಎಂದು ವಿಂಗಡಿಸುವ ವಿವೇಕ ಯಂತ್ರಕ್ಕೆ ಬಂದಿಲ್ಲ.

ಪರವಾನಗಿಯ ಪ್ರಶ್ನೆ ಇದ್ದೇ ಇದೆ. ದೊಡ್ಡ ಕಾರು ಸಂಸ್ಥೆಗಳು ತಮ್ಮ ಹೆಸರು ಮತ್ತು ಲಾಂಛನಕ್ಕೆ ಶುಲ್ಕ ಕೇಳುತ್ತವೆ. ಓಪೆಲ್ ಸಂಸ್ಥೆಯು ನ್ಯೂರೆಂಬರ್ಗಿನ ಆಟೆಕ್ ಎಂಬ ಆಟಿಕೆ ತಯಾರಕರ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ 2007ರಲ್ಲಿಯೂ, ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 2010ರಲ್ಲಿಯೂ ಈ ವಿಷಯವನ್ನು ಪರಿಶೀಲಿಸಿದವು. ಮಾದರಿಯ ಮೇಲಿನ ಲಾಂಛನವನ್ನು ಗ್ರಾಹಕನು ನಿಜವಾದ ಕಾರಿನ ವಿವರವೆಂದು ಕಾಣುತ್ತಾನೆಯೇ ಹೊರತು ಮಾದರಿ ತಯಾರಕನ ಗುರುತೆಂದಲ್ಲ ಎಂದು ಜರ್ಮನ್ ನ್ಯಾಯಾಲಯ ಕೊನೆಗೆ ಓಪೆಲ್‌ನ ಕೋರಿಕೆಯನ್ನು ತಳ್ಳಿಹಾಕಿತು. ಅದು ಅಲ್ಲಿಯ ಕಾನೂನು; ಇಲ್ಲಿ ಅದನ್ನೇ ನಂಬಿ ಫೆರಾರಿ ಕುದುರೆಯನ್ನು ಅಚ್ಚು ಹಾಕಲು ಹೊರಡುವುದು ಬುದ್ಧಿವಂತಿಕೆಯಲ್ಲ.

ಅದಕ್ಕಿಂತ ನಮ್ಮವರು ಎಡವುವುದು ತಮ್ಮದೇ ಸ್ವತ್ತಿನ ವಿಷಯದಲ್ಲಿ. ಈ ಲೇಖಕನ ಘಟಕವು ಕೆಲವು ವರ್ಷಗಳ ಹಿಂದೆ ಹೊರರಾಜ್ಯದ ಸಂಸ್ಥೆಯೊಂದಕ್ಕೆ ಆಟಿಕೆಯ ಅಚ್ಚುಗಳನ್ನು ನಕ್ಷೆ ಸಹಿತ ಮಾಡಿಕೊಟ್ಟಿತ್ತು. ಮೂರನೆಯ ವರ್ಷ ಅವರು ಲಾರಿ ಕಳುಹಿಸಿ ಅಚ್ಚುಗಳನ್ನು ಒಯ್ದರು. ನಕ್ಷೆಯ ಖರ್ಚಿನ ಬಿಲ್ಲನ್ನು ಇಂದಿಗೂ ಪಾವತಿಸಿಲ್ಲ. ನಮ್ಮ ಕಪಾಟಿನಲ್ಲಿ ಉಳಿದದ್ದು ಚಲನ್ನಿನ ಪ್ರತಿ. ಇಂಥ ಕಥೆ ಸದಸ್ಯರಲ್ಲಿ ಅನೇಕರದು. ನಮ್ಮ ಕೃತಿಸ್ವಾಮ್ಯ ಕಾಯಿದೆಯ 15ನೆಯ ಕಲಮಿನ ಪ್ರಕಾರ, ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ ಕೈಗಾರಿಕಾ ವಿಧಾನದಿಂದ ಅದನ್ನು ಅನ್ವಯಿಸಿದ ವಸ್ತುಗಳನ್ನು 50ಕ್ಕಿಂತ ಹೆಚ್ಚು ತಯಾರಿಸಿದರೆ ಕೃತಿಸ್ವಾಮ್ಯವೇ ಅಳಿಯುತ್ತದೆ. 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದರೆ 10 ವರ್ಷ, ಮತ್ತೆ 5 ವರ್ಷ ರಕ್ಷಣೆ ಸಿಗುತ್ತದೆ. ಇರುವ ಕಾರಿನ ನಿಷ್ಠಾವಂತ ಪ್ರತಿಕೃತಿಯಲ್ಲಿ ಹೊಸತನವೆಷ್ಟು ಎಂಬ ತಕರಾರು ಏಳಬಹುದು. ವಕೀಲರನ್ನು ಮೊದಲೇ ವಿಚಾರಿಸುವುದು ಲೇಸು.

ಅಚ್ಚುಗಳು ಎಲ್ಲಿವೆ ಎಂಬುದೂ ಮುಖ್ಯ. ಏರ್‌ಫಿಕ್ಸ್ ಹೆಸರನ್ನು ಹೊಂದಿದ್ದ ಹಂಬ್ರೋಲ್ ಸಂಸ್ಥೆಯು ಕಿಟ್‌ಗಳ ಅಚ್ಚೊತ್ತುವ ಕೆಲಸವನ್ನು ಫ್ರಾನ್ಸಿನ ಹೆಲ್ಲರ್ ಕಾರ್ಖಾನೆಗೆ ವಹಿಸಿತ್ತು. 2006ರಲ್ಲಿ ಹೆಲ್ಲರ್ ದಿವಾಳಿಯ ದಾರಿ ಹಿಡಿದಾಗ ಸರಬರಾಜು ನಿಂತು, ಕೆಲವೇ ವಾರಗಳಲ್ಲಿ ಹಂಬ್ರೋಲ್ ಕೂಡ ಮುಳುಗಿತು. ಅದೇ ವರ್ಷದ ನವೆಂಬರಿನಲ್ಲಿ ಹಾರ್ನ್‌ಬಿ ಸಂಸ್ಥೆ ಹೆಸರನ್ನೂ ಅಚ್ಚುಗಳನ್ನೂ ಕೊಂಡು ಅದನ್ನು ಉಳಿಸಿತು. ಆ ಅಚ್ಚುಗಳಲ್ಲಿ 1971ರಲ್ಲಿ ಮೊದಲು ಹೊರಬಂದ 12ನೇ ಒಂದರ ಬೆಂಟ್ಲಿ ರೇಸ್ ಕಾರಿನದೂ ಇತ್ತು. ಕಾರ್ಖಾನೆಗಳು ಮುಚ್ಚಿದವು, ಒಡೆಯರು ಬದಲಾದರು. ಆದರೆ ಸರಿಯಾಗಿ ಅಳೆದು ಕಡೆದ ಅಚ್ಚು ಅರ್ಧ ಶತಮಾನ ಕಳೆದರೂ ಮಾರಾಟದ ಸರಕಾಗಿಯೇ ಉಳಿದಿದೆ.

ನಮ್ಮ ಪಕ್ಕದ ಕಾರುಗಳು

ಹಾಗಾದರೆ ಇಲ್ಲಿ ಯಾವ ಕಾರನ್ನು ಅಳೆಯಬೇಕು? ಲೋಟಸ್, ಮಸೆರಾಟಿಗಳನ್ನು ಇಟಲಿ, ಜಪಾನಿನವರು ಅಳೆದು ಮುಗಿಸಿದ್ದಾರೆ. ನಮ್ಮ ಕೈಗೆಟಕುವ ಇತಿಹಾಸ ಬೇರೆಯಿದೆ. ಮದರಾಸಿನ ಹತ್ತಿರದ ಶೋಲಾವರಂನಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನದಾರಿಯ ಮೇಲೆ 1950ರ ದಶಕದಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಕಾರು ಓಟಗಳು ನಡೆದವು. ಅಂಬಾಸಿಡರ್, ಹೆರಾಲ್ಡ್‌ಗಳನ್ನು ಗ್ಯಾರೇಜುಗಳಲ್ಲಿ ಕೊಯ್ದು ಹಗುರಗೊಳಿಸಿ ಓಡಿಸುತ್ತಿದ್ದ ಕಾಲ ಅದು. ಬೆಂಗಳೂರಿನ ಉದ್ಯಮಿಯಾಗಿದ್ದ ವಿಜಯ್ ಮಲ್ಯ 1980ರ ದಶಕದ ಆರಂಭದಲ್ಲಿ ಹಳೆಯ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನು ಅಲ್ಲಿ ಓಡಿಸಿದ್ದರು. ಕೊಯಮತ್ತೂರಿನ ಎಸ್. ಕರಿವರ್ಧನ್ 1988ರಲ್ಲಿ ಮಾರುತಿ 800ರ ಎಂಜಿನ್ ಬಳಸಿ ಫಾರ್ಮುಲಾ ಮಾರುತಿ ಎಂಬ ಒಂಟಿ ಆಸನದ ರೇಸ್ ಕಾರನ್ನು ರೂಪಿಸಿದರು. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ ನರೈನ್ ಕಾರ್ತಿಕೇಯನ್ ಮೊದಲು ಕೈ ಪಳಗಿಸಿದ್ದು ಆ ಬಗೆಯ ಕಾರಿನಲ್ಲಿ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಓಟದ ಪಥಕ್ಕೆ ಅವರ ಹೆಸರಿದೆ.

ಈ ಕಾರುಗಳಿಗೆ ಬೇಕಾದ ಪರವಾನಗಿ ದೊಡ್ಡ ಸಂಸ್ಥೆಗಳ ಕಪಾಟಿನಲ್ಲಿಲ್ಲ. ಕುಟುಂಬಗಳ, ಕ್ಲಬ್ಬುಗಳ ಬಳಿ ಕೈಮುಗಿದು ಕೇಳಬಹುದಾದದ್ದು. ಆದರೆ ಕಾಲ ಮೀರುತ್ತಿದೆ. ಶೋಲಾವರಂನ ಕಾರುಗಳನ್ನು ಬಿಚ್ಚಿ ಕಟ್ಟಿದ ಮೆಕ್ಯಾನಿಕ್ಕುಗಳಿಗೆ ವಯಸ್ಸಾಗಿದೆ. ಯಾವ ಬಣ್ಣವನ್ನು ಯಾವ ಪಂದ್ಯಕ್ಕೆ ಬಳಿದರು, ಮೂತಿಯನ್ನು ಯಾವಾಗ ಎಷ್ಟು ಅಂಗುಲ ಕೊಯ್ದರು ಎಂಬುದನ್ನು ಹೇಳಬಲ್ಲವರು ಅವರೇ. ಅವರ ಆಲ್ಬಮ್ಮುಗಳು ಮೊಮ್ಮಕ್ಕಳ ಕಾಲಕ್ಕೆ ರದ್ದಿಯವನ ತಕ್ಕಡಿ ಸೇರುತ್ತವೆ. ಭಾರತದ ಆಚೆಗೂ ಇಂಥ ಕಿಟ್‌ಗೆ ಕೊಳ್ಳುವವರಿದ್ದಾರೆ, ಏಕೆಂದರೆ ಹಳೆಯ ಹವ್ಯಾಸಿಗೆ ಈಗ ಬೇಕಾಗಿರುವುದು ಯಾರ ಕಪಾಟಿನಲ್ಲೂ ಇಲ್ಲದ ಕಾರು.

ಸರ್ಕಾರದಿಂದ ಕೇಳಬೇಕಾದ ಒಂದು ಸಂಗತಿಯೂ ಇದೆ. ಸುಂಕ ಪಟ್ಟಿಯ 9503ನೆಯ ಶೀರ್ಷಿಕೆಯಲ್ಲಿ ಗೊಂಬೆ, ಮಕ್ಕಳ ಮೂರು ಚಕ್ರದ ಸೈಕಲ್ಲು, ಪಜಲ್‌ಗಳ ಜೊತೆಗೇ ಪ್ರಮಾಣಬದ್ಧ ಮಾದರಿಗಳನ್ನೂ ಸೇರಿಸಲಾಗಿದೆ. ಹೀಗಾಗಿ ಐವತ್ತು ವರ್ಷದ ಹವ್ಯಾಸಿ ತರಿಸಿಕೊಳ್ಳುವ ಕಿಟ್ ಕೂಡ ಮಗುವಿನ ಗಿಲಕಿಯ ಸಾಲಿನಲ್ಲಿಯೇ ನಿಂತಿತು. ಈ ಬಗೆಯ ಕಿಟ್‌ಗಳ ದೇಶೀಯ ತಯಾರಿಕೆ ಹೇಳಿಕೊಳ್ಳುವಷ್ಟು ಇಲ್ಲದಿರುವಾಗ ಏರಿಸಿದ ಸುಂಕ ಯಾರನ್ನೂ ರಕ್ಷಿಸಲಿಲ್ಲ. ನಮ್ಮಲ್ಲಿ ಹವ್ಯಾಸಿಗಳ ಸಂಖ್ಯೆ ಬೆಳೆಯದಂತೆ ಮಾಡಿತು, ಅಷ್ಟೆ. ಕಿಟ್ ಕಟ್ಟಿ ಅಭ್ಯಾಸವಿಲ್ಲದ ದೇಶದಲ್ಲಿ ಕಿಟ್ ತಯಾರಿಸುವವರು ಎಲ್ಲಿಂದ ಹುಟ್ಟಬೇಕು? ಯುರೋಪಿನ 2009ರ ಆಟಿಕೆ ಸುರಕ್ಷತಾ ನಿರ್ದೇಶನವು ಹದಿನಾಲ್ಕು ವರ್ಷ ಮೀರಿದ ಸಂಗ್ರಾಹಕರಿಗೆಂದು ಗುರುತಿಸಿದ ಮಾದರಿ ಕಿಟ್‌ಗಳನ್ನು ಸ್ಪಷ್ಟವಾಗಿ ಹೆಸರಿಸಿ ಆಟಿಕೆಯ ವ್ಯಾಖ್ಯೆಯಿಂದ ಹೊರಗಿಟ್ಟಿತು. ನಮ್ಮ ಆದೇಶವೂ 14 ವರ್ಷದೊಳಗಿನ ಮಕ್ಕಳ ಆಟದ ವಸ್ತುಗಳಿಗೇ ಅನ್ವಯಿಸುತ್ತದೆ. ಆದರೂ ಬಂದರಿನಲ್ಲಿ ಪೆಟ್ಟಿಗೆ ತೆರೆದಾಗ ಎದುರಾಗುವ ಅಧಿಕಾರಿಗೆ ಅದನ್ನು ವಿವರಿಸುವ ಕಷ್ಟ ಆಮದು ಮಾಡುವ ವರ್ತಕರಿಗೆ ಗೊತ್ತು. ಚೇಂಬರ್ ತನ್ನ ಮುಂದಿನ ಮುಂಗಡಪತ್ರ ಪೂರ್ವ ಮನವಿಯಲ್ಲಿ ಮಾದರಿ ಕಿಟ್‌ಗಳಿಗೆ ಪ್ರತ್ಯೇಕ ಉಪಶೀರ್ಷಿಕೆಯನ್ನೂ ಒಂದು ಸ್ಪಷ್ಟ ಸುತ್ತೋಲೆಯನ್ನೂ ಕೇಳುವುದು ಉಚಿತ.

ತರಬೇತಿಗೆ ನಾವು ದೂರ ಹೋಗಬೇಕಿಲ್ಲ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ, ಮೈಸೂರಿನಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ಸಿಪೆಟ್ ಇದೆ. ಅಲ್ಲಿನ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಮಗ್ಗು, ಬಕೆಟ್ಟುಗಳ ಅಚ್ಚಿನ ಬದಲು ಒಂದು ಫಾರ್ಮುಲಾ ಮಾರುತಿಯ ಮೂತಿಯನ್ನು 24ನೇ ಒಂದರ ಪ್ರಮಾಣದಲ್ಲಿ ಅಚ್ಚು ಕಡೆಯಲು ಕೊಟ್ಟು ನೋಡಬಹುದು. ಮೊದಲ ಕೆಲಸಕ್ಕೆ ದೊಡ್ಡ ಬಂಡವಾಳವೂ ಬೇಡ. ನನ್ನ ಅಂದಾಜಿನಲ್ಲಿ ಇಬ್ಬರು, ಎರಡು ದಿನ, ಬಾಡಿಗೆಯ ಸ್ಕ್ಯಾನರ್, ಒಂದು ಉದ್ದನೆಯ ವರ್ನಿಯರ್, ಒಂದು ಲಂಬಸೂತ್ರ, ಬಣ್ಣದ ಪಟ್ಟಿಯೊಂದಿಗೆ ತೆಗೆದ ನಾಲ್ಕುನೂರು ಛಾಯಾಚಿತ್ರ, ಮತ್ತು ಆ ಕಾರನ್ನು ಕಟ್ಟಿದ ಹಿರಿಯರೊಬ್ಬರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರಬೇಕು. ಅವರು ಹೇಳಿದ್ದನ್ನು ಬರೆದುಕೊಳ್ಳಲು ಮೂರನೆಯವರೊಬ್ಬರಿದ್ದರೆ ಒಳ್ಳೆಯದು.